ಪೇಪರ್ ಕಪ್ಪಿನ ಪೊರೆ

ಅಟ್ಟಕ್ಕೇರಿಸುವ ಮೊದಲು ತೊಳೆಯಲೆಂದು ಶನಿವಾರ ಕೊನೆಯ ಲೋಟಗಳನ್ನು ನೆನೆಹಾಕಿದ್ದ ಬಕೆಟ್ಟಿಗೆ ಸೋಮವಾರ ಬೆಳಿಗ್ಗೆ ಕೈ ಹಾಕಿದ ಲೋಟದಕ್ಕನ ಬೆರಳಿಗೆ ಏನೋ ಜಾರಿದಂತಾಯಿತು. ಎತ್ತಿ ನೋಡಿದರೆ ಪೇಪರ್ ಕಪ್ಪು. ಯಾರೋ ಪುಣ್ಯಾತ್ಮರು ಕಸದ ಡಬ್ಬಿ ಹುಡುಕುವ ಶ್ರಮವೇಕೆಂದು ಗಾಜಿನ ಲೋಟಗಳ ಜೊತೆಗೇ ಎಸೆದು ಹೋಗಿದ್ದರು. ಕಾಗದವೆಲ್ಲ ನೆನೆದು ಮುದ್ದೆಯಾಗಿತ್ತು. ಹೆಬ್ಬೆರಳಿನಿಂದ ಸವರಿದ್ದೇ ತಡ, ಅಷ್ಟೂ ಕಳಚಿ ನೀರಿಗೆ ಬಿತ್ತು. ಆದರೂ ಅವಳ ಕೈಯಲ್ಲಿ ಒಂದು ಕಪ್ಪು ಉಳಿದೇ ಇತ್ತು. ತೆಳ್ಳಗೆ, ಆಚೆಯದು ಈಚೆ ಕಾಣುವಂತೆ, ಹಾವು ಕಳಚಿಹೋದ ಪೊರೆಯ ಹಾಗೆ.

“ಇಲ್ಲಿ ಸ್ವಲ್ಪ ಬಾಮ್ಮ, ಇದೇನು ನೋಡು,” ಎಂದು ಕರೆದಳು.

ಬಂದವಳು ಮುಂಬಾಗಿಲ ಮೇಜಿನಲ್ಲಿ ಕೂತು ಫೋನ್ ಎತ್ತುವ ಹುಡುಗಿ. ಕೋಪ ಮೂಗಿನ ತುದಿಯಲ್ಲೇ ಇರುತ್ತಿದ್ದುದರಿಂದ ಕಚೇರಿಯಲ್ಲಿ ಅವಳಿಗೆ ಪಟಾಕಿ ಎಂದೇ ಹೆಸರು. ಬೆಳಗಿನಿಂದ ಅವಳು ಈ ಪುಟ್ಟ ಅಡುಗೆ ಕೋಣೆಯ ಕಡೆ ತಲೆಹಾಕಲು ಹಿಂಜರಿಯುತ್ತಿದ್ದಳು. ಲೋಟದಕ್ಕನಿಗೆ ಇಲ್ಲಿ ಇದೇ ಕೊನೆಯ ದಿನ. ಟೀ ಹೊರಗಿನಿಂದ ಫ್ಲಾಸ್ಕಿನಲ್ಲಿ ಬರುತ್ತಿತ್ತು, ಅಕ್ಕನ ಕೆಲಸ ಲೋಟ ತೊಳೆಯುವುದು. ಹೋದ ವಾರ ಮ್ಯಾನೇಜರರು ಎಲ್ಲರನ್ನೂ ಸೇರಿಸಿ, ಇನ್ನು ನಮ್ಮದು ಪ್ಲಾಸ್ಟಿಕ್ ಮುಕ್ತ ಕಚೇರಿ, ಗಾಜಿನ ಲೋಟದ ಬದಲು ಪೇಪರ್ ಕಪ್ಪು, ಕಾಗದವಾದರೆ ಮಣ್ಣಿಗೆ ಸೇರುತ್ತದೆ, ತೊಳೆಯುವ ನೀರೂ ಉಳಿಯುತ್ತದೆ ಎಂದು ಭಾಷಣ ಮಾಡಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ನೀರಿನ ಜೊತೆ ಲೋಟದಕ್ಕನ ಸಂಬಳವೂ ಉಳಿಯುತ್ತದೆ ಎಂಬ ಮಾತನ್ನು ಮಾತ್ರ ಚಪ್ಪಾಳೆ ನಿಂತ ಮೇಲೆ, ಅವಳೊಬ್ಬಳನ್ನೇ ಕರೆದು ಹೇಳಿದ್ದರು.

ಪಟಾಕಿ ಆ ಪೊರೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. “ಅಕ್ಕಾ, ಇದು ಪ್ಲಾಸ್ಟಿಕ್ಕು!”

“ಪೇಪರ್ ಅಂದ್ರಲ್ಲಮ್ಮ ಸಾಹೇಬ್ರು?”

“ಪೇಪರ್ ಅಗೋ, ಬಕೆಟ್ಟಲ್ಲಿ ತೇಲ್ತಾ ಇದೆ. ಬರೀ ಪೇಪರಲ್ಲಿ ಬಿಸಿ ಟೀ ನಿಲ್ಲುತ್ತಾ? ಒಳಗಡೆ ಇದನ್ನ ಅಂಟಿಸಿರ್ತಾರೆ. ಬಿಸಿಗೆ ಇದರ ಕಣ್ಣಿಗೆ ಕಾಣದ ಚೂರು ಟೀಗೂ ಇಳಿಯುತ್ತಂತೆ, ಎಲ್ಲೋ ಓದಿದ್ದೆ. ಒಂದು ವಾರದಿಂದ ಇದ್ರಲ್ಲೇ ಕುಡೀತಿದ್ದೀನಿ, ನನ್ನ ಮಂಡೆಗೆ ಹೊಳೀಲೇ ಇಲ್ಲ ನೋಡಿ!”

ಅವಳು ಸುತ್ತ ನೋಡಿದಳು. ಮೊದಲೆಲ್ಲ ಒಂದು ಕಸದ ಡಬ್ಬಿ ಅರ್ಧ ತುಂಬಿದರೆ ಹೆಚ್ಚು. ಈಗ ಎರಡು ಡಬ್ಬಿ ತುಂಬಿ, ಕಪ್ಪುಗಳು ನೆಲದ ಮೇಲೆಲ್ಲ ಉರುಳಾಡುತ್ತಿದ್ದವು. ತೊಳೆದಿಟ್ಟ ಗಾಜಿನ ಲೋಟಗಳು ಅಟ್ಟಕ್ಕೇರಲು ರಟ್ಟಿನ ಪೆಟ್ಟಿಗೆಯಲ್ಲಿ ಕಾದು ಕೂತಿದ್ದವು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

“ಬೇಡಮ್ಮ, ನನ್ನ ಸಲುವಾಗಿ ನಿನ್ನ ಅನ್ನಕ್ಕೆ ಕಲ್ಲು ಹಾಕ್ಕೋಬೇಡ,” ಎಂದು ಲೋಟದಕ್ಕ ಹೇಳುವಷ್ಟರಲ್ಲಿ ಅವಳು ಮ್ಯಾನೇಜರರ ಬಾಗಿಲು ತಳ್ಳಿಯಾಗಿತ್ತು.

ಮ್ಯಾನೇಜರರು ‘ಪ್ಲಾಸ್ಟಿಕ್ ಮುಕ್ತ ಕಚೇರಿ’ ಎಂಬ ಹೊಸ ಫಲಕವನ್ನು ಗೋಡೆಗೆ ಒರಗಿಸಿ, ದೂರ ನಿಂತು ಅಂದ ನೋಡುತ್ತಿದ್ದರು. ಫಲಕವೂ ಪ್ಲಾಸ್ಟಿಕ್ಕಿನದೇ. ಮೇಜಿನ ಮೇಲೆ ಬಂಗಾರದ ಅಂಚಿನ ಪಿಂಗಾಣಿ ಕಪ್ಪಿನಲ್ಲಿ ಅವರ ಟೀ ಇತ್ತು. ಪೇಪರ್ ಕಪ್ಪಿನಲ್ಲಿ ಅವರಿಗೆ ಟೀ ರುಚಿಸುವುದಿಲ್ಲವಂತೆ. ಪಟಾಕಿ ಒದ್ದೆ ಪೊರೆಯನ್ನು ಅದರ ಪಕ್ಕದಲ್ಲೇ ಇಟ್ಟಳು.

“ಏನಮ್ಮ ಇದು ಗಲೀಜು?”

“ನಿಮ್ಮ ಪೇಪರ್ ಕಪ್ಪು ಸಾರ್. ಪೇಪರ್ ಹೋಯ್ತು, ಇದು ಉಳೀತು.”

“ಓ, ಅದಾ!” ಅವರು ನಕ್ಕರು. “ಕಪ್ ಮಾರೋನು ಹೇಳಿದ್ದ. ಕೂದಲೆಳೆಗಿಂತ ತೆಳು ಇರುತ್ತೆ. ಅದೆಲ್ಲ ಲೆಕ್ಕಕ್ಕೇ ಬರಲ್ಲ.”

ಗೊತ್ತಿಲ್ಲದೆ ಆದ ತಪ್ಪೆಂದು ಪಟಾಕಿ ಅಂದುಕೊಂಡಿದ್ದಳು. ಗೊತ್ತಿದ್ದೂ ಭಾಷಣ ಮಾಡಿದ್ದರು, ಗೊತ್ತಿದ್ದೂ ಒಬ್ಬಳನ್ನು ಮನೆಗೆ ಕಳಿಸುತ್ತಿದ್ದರು. ಅವಳು ಪೊರೆಯ ಅಂಚನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಸಾಹೇಬರ ಟೀಯನ್ನು ಎತ್ತಿ ಅದಕ್ಕೆ ಸುರಿದುಬಿಟ್ಟಳು. ಪೊರೆ ಹೊಟ್ಟೆ ಉಬ್ಬಿಸಿಕೊಂಡು ಜೋತುಬಿತ್ತು. ಒಂದು ಹನಿಯೂ ಸೋರಲಿಲ್ಲ.

“ಕುಡೀರಿ ಸಾರ್. ಲೆಕ್ಕಕ್ಕೇ ಬರಲ್ವಲ್ಲ! ಒಂದು ವಾರದಿಂದ ನಮಗೆಲ್ಲ ಇದ್ರಲ್ಲೇ ಕುಡಿಸ್ತಿದ್ದೀರಿ.”

ಅವರ ಮುಖ ಕೆಂಪಾಯಿತು. “ತೀರಾ ಅತಿಯಾಯ್ತು ನಿಂದು! ಬೇಕಾದ್ರೆ ಬೇರೆ ಥರದ ಕಪ್ ತರಿಸೋಣ.”

“ಬೇರೆ ಯಾಕೆ ಸಾರ್? ತೊಳೆದ ಲೋಟ ಇದೆ, ತೊಳೆಯೋ ಅಕ್ಕ ಇದಾರೆ.”

“ಆಕೆ ವಿಷಯ ಮುಗಿದುಹೋಗಿದೆ. ಮೇಲಿನವರ ಒಪ್ಪಿಗೆನೂ ಬಂದಾಯ್ತು. ಅದನ್ನ ಇದಕ್ಕೆ ತಂದು ಗಂಟು ಹಾಕಬೇಡ.”

ಬಾಗಿಲು ತೆರೆದೇ ಇತ್ತು. ಲೋಟದಕ್ಕ ಯಾವಾಗ ಬಂದು ನಿಂತಿದ್ದಳೋ ಇಬ್ಬರೂ ನೋಡಿರಲಿಲ್ಲ. ಅವಳು ಫಲಕವನ್ನೂ ನೋಡಲಿಲ್ಲ, ಪಟಾಕಿಯ ಕೈಯಲ್ಲಿ ತೂಗಾಡುತ್ತಿದ್ದ ಟೀಯನ್ನೂ ನೋಡಲಿಲ್ಲ. ಒದ್ದೆ ಕೈ ಒರೆಸಿಕೊಳ್ಳುತ್ತ ನೇರ ಮೇಜಿನ ಬಳಿ ಬಂದು, ಖಾಲಿ ಪಿಂಗಾಣಿ ಕಪ್ಪನ್ನು ಎಂದಿನಂತೆ ಜೋಪಾನವಾಗಿ ಎತ್ತಿಕೊಂಡಳು.

“ಇದನ್ನ ತೊಳೆದು, ಆ ಲೋಟದ ಪೆಟ್ಟಿಗೆಗೇ ಹಾಕಿಬಿಡ್ತೀನಿ ಸಾಹೇಬ್ರೇ,” ಎಂದಳು. “ನಾಳೆಯಿಂದ ನಿಮಗೂ ಪೇಪರ್ ಕಪ್ಪೇ ಅಲ್ವಾ?”