ವಾರಿಜಾಳ ಕೀಲಿಮಣೆ ಕಛೇರಿ

ಹೇಳಿದ್ದನ್ನೆಲ್ಲ ಯಂತ್ರಗಳೇ ಬರೆದುಕೊಳ್ಳತೊಡಗಿ ಎರಡು ತಲೆಮಾರಾಗಿತ್ತು. ಕೆಲಸಕ್ಕೆ ಬಾರದ್ದೆಲ್ಲ ಸಂಸ್ಕೃತಿಯಾಗುತ್ತದಲ್ಲ, ಹಾಗೆ ಟೈಪಿಂಗೂ ಶಾಸ್ತ್ರೀಯ ಕಲೆಯಾಗಿತ್ತು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಮುಗಿಸಿ, "ಎಲ್ಲಿ, ಒಂದು ಪ್ಯಾರಾ ನುಡಿಸಮ್ಮ" ಎಂದರು.

ಬಾಯಿ ಬಿಟ್ಟರೆ ಜೋಕೆ ಎಂದು ಅಪ್ಪ ವಾರಿಜಾಳಿಗೆ ಮೊದಲೇ ಎಚ್ಚರಿಸಿದ್ದರು. ಬೆರಳಿನ ವಿಷಯ ಏನೂ ಹೇಳಿರಲಿಲ್ಲ. ಅವಳು ಪರದೆಯಿಲ್ಲದ ಕೀಲಿಮಣೆಗೆ ನಮಸ್ಕರಿಸಿ, ಹುಡುಗನನ್ನೇ ನೋಡುತ್ತ ನುಡಿಸಿದಳು: 'ಈ ಪೆದ್ದನನ್ನು ನಾನು ಖಂಡಿತ ಮದುವೆಯಾಗುವುದಿಲ್ಲ.'

ಹುಡುಗ ಕಣ್ಣು ಮುಚ್ಚಿ ತಾಳ ಹಾಕಿದ. "ಸ್ಪೇಸ್ ಬಾರ್ ಮೇಲೆ ಹೆಬ್ಬೆರಳು ಎಷ್ಟು ಹದವಾಗಿ ಬೀಳತ್ತೆ ನೋಡಿ!" ಎಂದು ಅವನ ತಾಯಿ ಕಣ್ಣೊರೆಸಿಕೊಂಡರು.

ಒಂದು ಕಾಲಕ್ಕೆ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದ ಹುಡುಗನ ಅಜ್ಜಿ ಮಾತ್ರ ಅವಳ ಬೆರಳುಗಳನ್ನೇ ನೋಡುತ್ತಿದ್ದರು.

"ಒಂದಕ್ಷರ ತಪ್ಪಿಲ್ಲ," ಎಂದರು ಅಜ್ಜಿ. "ಹೇಳಿದ್ದೂ ನಿಜವೇ. ಏಳಿ, ಹೊರಡೋಣ."