ಹೆಸರು ಮೊದಲಿಗೇ ಬರಬೇಕು

"ಏನ್ ತೋರಸ್ತೀಯೋ ಕಣ್ಣಮುಂದ ತೋರ್ಸು ತಮ್ಮಾ. ಬಾಯಿಮಾತಿಗೆ ಮರುಳಾಗಾಂವ ನಾ ಅಲ್ಲ," ಎನ್ನುತ್ತ ಗುರುಪುತ್ರಪ್ಪ ಕುರ್ಚಿ ಎಳೆದುಕೊಂಡು ಕೂತ.

ಖಾನಾಪುರದಲ್ಲಿ ಮೂರು ತಲೆಮಾರಿನ ಹೆಂಚಿನ ಕಾರ್ಖಾನೆಯ ಯಜಮಾನ ಆತ. ಬೆಳಗಾವಿಯ ಗಲ್ಲಿಯೊಂದರ ಮಾಳಿಗೆಯಲ್ಲಿ ಒಂದೇ ಒಂದು ಕಂಪ್ಯೂಟರ್ ಇಟ್ಟುಕೊಂಡು ಸಾಹೇಬನೆನಿಸಿಕೊಂಡ ಈ ಗಜಾನನನಂಥವರನ್ನು ಅವನು ಮನುಷ್ಯರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ತನ್ನ ಹಿಂದೆಯೇ ಮೆಟ್ಟಿಲು ಹತ್ತಿ ಬಂದು ಬಾಗಿಲ ಬಳಿ ನಿಂತ ಕೆಸರುಗಾಲಿನವನನ್ನಂತೂ ಕಣ್ಣೆತ್ತಿಯೂ ನೋಡಲಿಲ್ಲ. ಕಚೇರಿಯ ಕಸ ಹೊಡೆಯುವ ಆಳಿರಬೇಕು.

ಆದರೂ ಬರಲೇಬೇಕಾಗಿತ್ತು. ಊರಿಗೆ ಊರೇ ಸ್ಲ್ಯಾಬಿನ ಮನೆ ಕಟ್ಟುತ್ತಿತ್ತು. ಕೆಂಪು ಹೆಂಚು ಕೇಳುವವರೆಂದರೆ ಗೋವೆಯ ಹೋಟೆಲಿನವರು ಮಾತ್ರ. ಅವರೀಗ ಮಾಲನ್ನು ಇಂಟರ್ನೆಟ್ಟಿನಲ್ಲಿ ಹುಡುಕುತ್ತಾರಂತೆ. ಪಕ್ಕದ ಕಾರ್ಖಾನೆಯ ಈರಯ್ಯನಿಗೆ, ಆ ಮೂಗಿನಡಿಯ ಮೀಸೆಯೂ ನೆಟ್ಟಗಿಲ್ಲದ ಈರಯ್ಯನಿಗೆ, ಹಾಗೇ ಒಂದು ದೊಡ್ಡ ಆರ್ಡರ್ ಸಿಕ್ಕಿತ್ತು. ಗುರುಪುತ್ರಪ್ಪನ ಭಟ್ಟಿ ನಾಲ್ಕು ತಿಂಗಳಿಂದ ತಣ್ಣಗಿತ್ತು. ಅದಕ್ಕೆ ಇನ್ನೊಂದು ಸಲ ಉರಿ ಹಾಕಲೆಂದು ಇಟ್ಟಿದ್ದ ಮೂವತ್ತು ಸಾವಿರ ಈಗ ಅಂಗಿಯ ಒಳಜೇಬಿನಲ್ಲಿತ್ತು. ಇದೂ ಹೋದರೆ ಕಾರ್ಖಾನೆಗೆ ಬೀಗವೇ.

"ನೋಡ್ರಿ ಕಾಕಾ," ಗಜಾನನ ಶುರುಮಾಡಿದ. "ಜನ ಒಂದು ಶಬ್ದ ಹೊಡದು ಹುಡುಕತಾರ. ಹತ್ತು ಹೆಸರು ಬರ್ತಾವು. ಮ್ಯಾಲಿನ ಎರಡು ಮೂರು ನೋಡ್ತಾರ, ಮುಂದಿನ ಪೇಜಿಗೆ ಯಾರೂ ಹೋಗೂದಿಲ್ಲ. ಅವರು ಹೊಡಿಯೋ ಶಬ್ದ ನಿಮ್ಮ ಪೇಜಿನ್ಯಾಗ ಇರಬೇಕು. ನಾಕು ಮಂದಿ ತಮ್ಮ ಪೇಜಿನಿಂದ ನಿಮ್ಮ ಕಡೆ ಬೆರಳು ಮಾಡಿ ತೋರಸಬೇಕು. ಆವಾಗ ನೀವು ಮೊದಲಿಗೆ."

ಸಂತೆಯ ಬಾಗಿಲಿಗೆ ಕೂತವಳ ಮೆಂತ್ಯಸೊಪ್ಪು ಖಾಲಿಯಾಗುತ್ತದೆ, ಒಳಗೆ ಕೂತವಳದ್ದು ಬಾಡುತ್ತದೆ. ಇಷ್ಟು ಹೇಳಲು ಕಂಪ್ಯೂಟರ್ ಬೇಕೇ ಎಂದು ಗುರುಪುತ್ರಪ್ಪ ಮೂಗು ಮುರಿದ.

"ಸಾಹೇಬ್ರ, ಒಂದು ಮಾತ ಇತ್ರಿ..." ಬಾಗಿಲ ಬಳಿಯವನು ಬಾಯಿ ತೆರೆದ.

"ದೊಡ್ಡವರು ಮಾತಾಡುವಾಗ ನಡುವ ಬಾಯಿ ಹಾಕಬ್ಯಾಡ!" ಗುರುಪುತ್ರಪ್ಪ ಗದರಿದ.

"ಇರ್ಲಿ ಬಿಡ್ರಿ ಕಾಕಾ. ಅವರಿಗೂ ಚಹಾ ತರಸ್ತೀನಿ," ಎಂದು ಗಜಾನನ ನಕ್ಕ.

ಆಳಿಗೆ ಚಹಾ ಕುಡಿಸಿ ತಲೆಯ ಮೇಲೆ ಕೂರಿಸಿಕೊಳ್ಳುವ ಧಣಿ ಉದ್ಧಾರವಾದ ಹಾಗೆಯೇ ಎಂದುಕೊಂಡ ಗುರುಪುತ್ರಪ್ಪ.

"ಹೋದ ವಾರ ನೀವು ಕೊಟ್ಟ ಫೋಟೋ ಹಾಕಿ ಪುಕ್ಕಟ ಒಂದು ಪೇಜ್ ಮಾಡೇನಿ. ಈಗ ನೋಡ್ರಿ, ಫೋನಿನ ತಂತಿಯೊಳಗ ಇಡೀ ಜಗತ್ತು ಬರ್ತೈತಿ." ಗಜಾನನ ಗೋವೆ, ಹೆಂಚು ಎಂದು ಇಂಗ್ಲಿಷಿನಲ್ಲಿ ಹೊಡೆದ. ಕಣ್ಣು ಮಿಟುಕಿಸುವುದರೊಳಗೆ ಹತ್ತು ಹೆಸರು ಬಂದವು. ಎಲ್ಲಕ್ಕೂ ಮೇಲೆ ಗುರುಪುತ್ರಪ್ಪ, ಖಾನಾಪುರ. ಈರಯ್ಯ ಒಂಬತ್ತನೆಯವನು.

ಅಷ್ಟು ಇಂಗ್ಲಿಷ್ ಗುರುಪುತ್ರಪ್ಪನಿಗೆ ಬರುತ್ತಿತ್ತು. ಎದೆ ಉಬ್ಬಿತು. ನೆಹರು ನಗರದ ಅಳಿಯನ ಮನೆಯಲ್ಲೂ ಕಂಪ್ಯೂಟರ್ ಇತ್ತು. ಫೋನಿನ ತಂತಿ ಸಿಕ್ಕಿಸಿ ಇಂಟರ್ನೆಟ್ ಹಚ್ಚಿದರೆ ಅದು ಕಿರುಚಿ, ಕೆಮ್ಮಿ, ಐದು ನಿಮಿಷ ಕಾಯಿಸುತ್ತಿತ್ತು. ಈ ಯಂತ್ರ ಚಕಾರವೆತ್ತಲಿಲ್ಲ. ಜಿಪುಣ ಅಳಿಯ ಅಗ್ಗದ ಮಾಲು ತಂದಿದ್ದಾನೆ ಎಂದು ಅಲ್ಲೇ ತೀರ್ಮಾನವಾಯಿತು.

ಅಷ್ಟರಲ್ಲಿ ಕೆಸರುಗಾಲಿನವನು ಗೋಡೆಯ ತಂತಿ ನೋಡುತ್ತ ಬಂದು ಮೇಜಿನ ಕೆಳಗೆ ಬಗ್ಗಿದ.

"ಏ, ಅತ್ತಾಗ ಸರಿ! ಏನರ ಕೆಡಿಸಿಗಿಡಿಸೀ," ಎಂದು ಗುರುಪುತ್ರಪ್ಪ ಮತ್ತೆ ಗದರಿದ. ಆತ ಸುಮ್ಮನೆ ಬಾಗಿಲಿಗೆ ಹೋಗಿ ನಿಂತ.

ಮೂವತ್ತು ಸಾವಿರ ಕೈ ಬದಲಾಯಿತು. ವರ್ಷಪೂರ್ತಿ ಮೊದಲ ಹೆಸರು ಎಂದು ಬಾಂಡ್ ಪೇಪರಿನ ಮೇಲೆ ಸಹಿಯೂ ಆಯಿತು. ಅದನ್ನು ಝೆರಾಕ್ಸ್ ಮಾಡಿಸಿ, ಚಹಾ ಹೇಳಿ ಬರುತ್ತೇನೆಂದು ಗಜಾನನ ಕೆಳಗಿಳಿದ. ಬೀದಿಯಲ್ಲಿ ಸ್ಕೂಟರೊಂದು ಶುರುವಾಗಿ ದೂರವಾಯಿತು.

ಹತ್ತು ನಿಮಿಷವಾದರೂ ಚಹಾ ಬರಲಿಲ್ಲ. ಗುರುಪುತ್ರಪ್ಪನಿಗೆ ತನ್ನ ಹೆಸರನ್ನು ಮತ್ತೆ ನೋಡುವ ಚಪಲ.

"ಲೇ, ಆ ಹೆಸರ ಇನ್ನೊಮ್ಮೆ ತಗದು ತೋರ್ಸು."

"ನನಗ ಅದು ಬರೂದಿಲ್ರಿ."

"ಮತ್ತ ಇಲ್ಲಿ ಯಾತಕ್ಕ ಪಗಾರ ತಗೋತಿ?"

"ನಾ ಇಲ್ಲಿಯಾಂವ ಅಲ್ರಿ, ಟೆಲಿಫೋನಿನ ಲೈನ್‌ಮನ್. ಗಟಾರ ತೋಡುವಾಗ ಕೇಬಲ್ ಕಡದು ಮೂರು ದಿನ ಆತು, ಈ ಗಲ್ಲಿಯೊಳಗ ಒಂದು ಫೋನಿಗೂ ಜೀವ ಇಲ್ಲ. ಅದನ್ನ ಹೇಳಾಕಂತನ ಆವಾಗಿಂದ ಬಾಯಿ ತಗ್ಯಾಕತ್ತೇನ್ರಿ."