ಖಾನಾಪುರದ ಕನ್ಯೆ

ಐವತ್ತು ದಾಟಿದ ಪಾಯಪ್ಪ ತಲೆಗೆ ಬಣ್ಣ ಹಚ್ಚಿಕೊಂಡು ಕನ್ಯೆ ನೋಡಲು ಹೊರಟಿದ್ದ. ಮದುವೆಯ ವಯಸ್ಸಿನ ಮಗಳು ದೀಪಾಲಿ ಅಂಗಳದಲ್ಲಿ ನಿಂತು ಅಪ್ಪನ ಕಾಲರು ಸರಿಮಾಡುತ್ತಿದ್ದಳು.

ಪಕ್ಕದ ಮನೆಯ ಪ್ರಮಿಳಾ ತುಳಸಿಗೆ ನೀರು ಹಾಕುತ್ತಾ ಇದನ್ನು ನೋಡಿದಳು. ತಂಬಿಗೆ ಖಾಲಿಯಾದ ಮೇಲೂ ಹಾಕುತ್ತಲೇ ಇದ್ದಳು. ಮಹಿಳಾ ಮಂಡಳದ ಅಧ್ಯಕ್ಷೆಯಾದ್ದರಿಂದ, ಹಿಂದವಾಡಿಯ ಆ ಓಣಿಯಲ್ಲಿ ಯಾರ ಮನೆಯ ವಿಷಯವೂ ಅವಳಿಗೆ ಬೇರೆಯವರ ವಿಷಯವಾಗಿರಲಿಲ್ಲ. ಮಾಯಾ ಎಂಬ ಹೆಸರನ್ನೂ, ಭಾನುವಾರ ನೋಡಲು ಬರುತ್ತೇವೆ ಎಂಬ ಮಾತನ್ನೂ ಪಾಯಪ್ಪ ಫೋನಿನಲ್ಲಿ ಆಡಿದಾಗ, ಕಂಪೌಂಡಿನ ಈಚೆಗೆ ಅವಳು ಅದೇ ತುಳಸಿಗೆ ನೀರು ಹಾಕುತ್ತಿದ್ದಳು.

ಪಾಯಪ್ಪನ ಹೆಂಡತಿ ಅಕ್ಕಾತಾಯಿಗೆ ಕಾಯಿಲೆಯಿತ್ತು. ಅವಳು ಒಮ್ಮೊಮ್ಮೆ ಬೇರೆಯವಳೇ ಆಗಿಬಿಡುತ್ತಾಳೆ, ಅಕ್ಕಾತಾಯಿಗೆ ಗೊತ್ತಿದ್ದದ್ದು ಆಗ ಆ ಬೇರೆಯವಳಿಗೆ ಗೊತ್ತಿರುವುದಿಲ್ಲ, ತಾಳ್ಮೆ ಬೇಕೆಂದು ಡಾಕ್ಟರು ಹೇಳಿದ್ದಾರೆ ಎಂದು ಪಾಯಪ್ಪ ಒಮ್ಮೆ ಓಣಿಯವರಿಗೆ ತಿಳಿಸಿ ಹೇಳಿದ್ದ. ಓಣಿ ಮರುಕದಿಂದ ಕೇಳಿಸಿಕೊಂಡಿತು, ಮನೆಗೆ ಹೋಗಿ ಕಪಾಟಿಗೆ ಕೀಲಿ ಹಾಕಿತು. ಕೆಲವು ದಿನ ಪಾಯಪ್ಪನೇ ಜೋಳದ ಭಕ್ರಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಅದಕ್ಕೂ ಓಣಿ ಅಕ್ಕಾತಾಯಿಯನ್ನೇ ಬೈಯುತ್ತಿತ್ತು.

ಈಗ ಅವಳನ್ನು ತವರಿಗೆ ಕಳಿಸಿ ವಾರವಾಗಿತ್ತು. ತವರು ಯಾವ ಊರೆಂದು ಯಾರೂ ಕೇಳಿರಲಿಲ್ಲ. ಪಾಯಪ್ಪನ ಮೇಲೆ ಸಿಟ್ಟಾಗಲು ಅದರ ಅಗತ್ಯವೂ ಇರಲಿಲ್ಲ.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ನ್ಯಾಯಕ್ಕಾಗಿ ಹೋರಾಡುವುದು ಸುಲಭವಾಗಿತ್ತು. ಪ್ರಮಿಳಾ ಸೆರಗನ್ನು ಮುಖಕ್ಕೆ ಎಳೆದುಕೊಂಡು, ಖಾನಾಪುರದ ಬಸ್ಸಿನಲ್ಲಿ ಅಪ್ಪ ಮಗಳ ಹಿಂದಿನ ಸೀಟು ಹಿಡಿದಳು.

ಮಚ್ಛೆ ಗ್ರಾಮ ದಾಟಿದ ಮೇಲೆ ಪಾಯಪ್ಪ ನಿಟ್ಟುಸಿರು ಬಿಟ್ಟ. “ಹ್ವಾದ ಸಲ ಹೂಂ ಅಂದಿದ್ಲು. ಈ ಸಲ ಒಲ್ಲೆ ಅಂದ್ರ, ಮನಿಗೆ ಬರಿಗೈಲೆ ಹೆಂಗ ಹೋಗೂದು ದೀಪಾ?”

“ಒಪ್ತಾಳ ಬಿಡ್ರಿ ಅಪ್ಪಾ. ನೀವೊಂದೀಟು ನಕ್ಕೋತ ಕುಂದರ್ರಿ.”

ಹೋದ ಸಲ. ಅಂದರೆ ಇದು ಮೊದಲ ಸಲವೂ ಅಲ್ಲ. ಅಷ್ಟರಲ್ಲಿ ಪಾಯಪ್ಪ ಕಿಸೆಯಿಂದ ಒಂದು ತಾಳಿ ತೆಗೆದು, ಕರಿಮಣಿಗಳನ್ನು ಕರವಸ್ತ್ರದಿಂದ ಮೆಲ್ಲಗೆ ಒರೆಸಿದ. ಅದು ಅಕ್ಕಾತಾಯಿಯದೇ ತಾಳಿ. ಪ್ರಮಿಳಾ ನೋಡಿದ ಕೂಡಲೇ ಗುರುತು ಹಿಡಿದಳು. ಹೆಂಡತಿಯ ಕೊರಳಿನದನ್ನು ಬಿಚ್ಚಿಸಿಕೊಂಡು ಇನ್ನೊಬ್ಬಳಿಗೆ ಕಟ್ಟುವ ಗಂಡಸನ್ನು ಅವಳು ಧಾರಾವಾಹಿಯಲ್ಲೂ ಕಂಡಿರಲಿಲ್ಲ.

ಖಾನಾಪುರದ ಮನೆಯಲ್ಲಿ ಜಮಖಾನೆ ಹಾಸಿತ್ತು. ಮನೆಯ ಯಜಮಾನ ತವನಪ್ಪ ಪಾಯಪ್ಪನನ್ನು ಆಗಲೇ ಭಾವ ಎಂದು ಕರೆಯುತ್ತಿದ್ದ. ಅವರ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಪ್ರಮಿಳಾ, ಎಂಥ ನಾಚಿಕೆಗೆಟ್ಟ ಜನ ಎಂದುಕೊಂಡು ನೇರ ಒಳಗೆ ನುಗ್ಗಿದಳು.

ದೀಪಾಲಿಯ ಮುಖ ಬಿಳಚಿತು. ಪಾಯಪ್ಪ ಮಾತ್ರ ಎದ್ದು ತನ್ನ ಕುರ್ಚಿಯನ್ನು ಪ್ರಮಿಳಾಳತ್ತ ಸರಿಸಿದ. “ಬಂದೀರಲ್ಲ, ಚಲೋ ಆತು,” ಎಂದ ತಗ್ಗಿದ ದನಿಯಲ್ಲಿ. “ಆಕಿ ಒಪ್ಪೂತನಕ ಒಂದೀಟು ಸುಮ್ನ ಕುಂದರ್ರಿ ಬಾಯಾರ. ಆಮ್ಯಾಲೆ ಎಷ್ಟಾದ್ರೂ ಬೈರಿ.”

ಪ್ರಮಿಳಾ ಆ ಕುರ್ಚಿಯಲ್ಲಿ ಕುಳಿತಳು. ಅಡುಗೆಮನೆಯ ಪರದೆಯ ಹಿಂದಿನಿಂದ ಎಳೆಯ, ತೆಳ್ಳನೆಯ ದನಿಯೊಂದು ಬಂತು.

“ನಿಮಗೊಬ್ಬ ಹೇಣ್ತಿ ಅದಾಳಂತಲ್ರಿ. ಆಕಿ ಏನಂತಾಳ?”

“ಆಕೀನ ಕಳಿಸ್ಯಾಳ,” ಎಂದ ಪಾಯಪ್ಪ. “ನಿಮ್ಮನ್ನ ಬಿಟ್ಟು ಬರಬ್ಯಾಡ ಅಂದಾಳ.”

“ನನಗ ಭಕ್ರಿ ಬಡ್ಯಾಕ ಬರೂದಿಲ್ಲ.”

“ನಾ ಬಡೀತೀನಿ.”

“ಮತ್ತ ನಾ ಒಲ್ಲೆ ಅಂದ್ರ?”

“ಒತ್ತಾಯ ಇಲ್ಲ. ಮುಂದಿನ ಐತವಾರ ಮತ್ತ ಕೇಳಾಕ ಬರ್ತೀನಿ.”

ಪರದೆಯ ಹಿಂದೆ ನಗು ಕಿಣಿಕಿಣಿಸಿತು. ಪ್ರಮಿಳಾಳಿಗೆ ತಡೆಯಲಾಗಲಿಲ್ಲ. ಎದ್ದು ನಿಂತಳು. “ತಂಗಿ, ನಾ ಇವರ ಬಾಜು ಮನ್ಯಾಕಿ. ಹೊರಗ ಬಾ, ಈ ಮನಷಾ ಎಂಥಾಂವ ಅಂತ ನಿನಗ ಹೇಳ್ತೀನಿ.”

ಪಾಯಪ್ಪ ಕಣ್ಣು ಮುಚ್ಚಿಕೊಂಡ. ದೀಪಾಲಿ ಅಪ್ಪನ ಕೈ ಹಿಡಿದಳು.

ಪರದೆ ಸರಿಯಿತು. ಅವಲಕ್ಕಿಯ ತಟ್ಟೆ ಹಿಡಿದು ಕನ್ಯೆ ಹೊರಬಂದಳು. ಯಾರತ್ತಲೂ ನೋಡದೆ, ಬೆವೆತು ನಿಂತಿದ್ದ ಪ್ರಮಿಳಾಳ ಬಳಿಗೇ ಮೊದಲು ನಡೆದಳು. “ಬಿಸಲಾಗ ಬಂದೀರಿ, ಮೊದಲ ಕುಂದರ್ರಿ,” ಎಂದು ತಟ್ಟೆಯನ್ನು ಅವಳ ಕೈಗಿತ್ತಳು. “ಹೇಳ್ರಿ. ಎಂಥಾವರು ಇವರು?”

ಪ್ರಮಿಳಾ ಕನ್ಯೆಯ ಮುಖ ನೋಡಿದಳು, ತಾಳಿಯಿದ್ದ ಪಾಯಪ್ಪನ ಕಿಸೆ ನೋಡಿದಳು.

“ಭಾಳ ಚಲೋ ಹುಡುಗ,” ಎಂದಳು ಕೊನೆಗೆ. “ಹೂಂ ಅನ್ನವಾ.”

ಎರಡು ಜಡೆ ಹೆಣೆದುಕೊಂಡಿದ್ದ, ಬೈತಲೆಯುದ್ದಕ್ಕೂ ಕೂದಲು ನರೆತಿದ್ದ, ಈಗ ಮಾಯಾ ಆಗಿದ್ದ ಅಕ್ಕಾತಾಯಿ ನಾಚಿ, ತನ್ನ ಮಗಳ ತಂದೆಯನ್ನು ಮೊದಲ ಸಲ ಕಣ್ಣೆತ್ತಿ ನೋಡಿ, ಹೂಂ ಅಂದಳು.